ಚೆಂಡೆಯ ಪೆಟ್ಟು ಟೊಳ್ಳಾಗುವುದೇಕೆ? ಪ್ಲಗಿನ್ ಡಿಲೇಯ ಹಿನ್ನೆಲೆ

ಮುಂಬಯಿಯಲ್ಲಿ ಯಕ್ಷಗಾನದ ಪದ ರೆಕಾರ್ಡ್ ಮಾಡುವ ಸಣ್ಣ ಸ್ಟುಡಿಯೋ ಅಂಧೇರಿಯಲ್ಲಿರಲಿ, ಡೊಂಬಿವಲಿಯ ಫ್ಲ್ಯಾಟಿನಲ್ಲಿರಲಿ, ಪ್ಲಗಿನ್ ಡಿಲೇ, ಅಂದರೆ ರೆಕಾರ್ಡಿಂಗ್ ಸಾಫ್ಟ್‌ವೇರಿಗೆ ಸೇರಿಸಿಕೊಳ್ಳುವ ಪುಟ್ಟ ಪ್ರೋಗ್ರಾಮುಗಳು ದನಿಗೆ ತರುವ ತಡ, ಬೇಗ ಸಿಕ್ಕಿಬೀಳುವುದು ಚೆಂಡೆಯ ಟ್ರ್ಯಾಕಿನಲ್ಲೇ. ಆ ಟ್ರ್ಯಾಕಿಗೊಂದು ನಕಲು ಮಾಡಿ, ನಕಲಿಗೆ ಮಾತ್ರ 64 ಸ್ಯಾಂಪಲ್ (ಡಿಜಿಟಲ್ ದನಿಯ ಒಂದೊಂದು ಅಳತೆ) ತಡ ಮಾಡುವ ಲಿಮಿಟರ್ (ದನಿ ಮಿತಿ ಮೀರದಂತೆ ತಡೆಯುವ ಪ್ಲಗಿನ್) ಹಾಕಿ ಎರಡನ್ನೂ ಒಟ್ಟಿಗೆ ನುಡಿಸಿ. ಸಾಫ್ಟ್‌ವೇರ್ ಆ ತಡವನ್ನು ಸರಿದೂಗಿಸದಿದ್ದರೆ 48 ಕಿಲೋಹರ್ಟ್ಸ್‌ನಲ್ಲಿ, ಅಂದರೆ ಸೆಕೆಂಡಿಗೆ 48,000 ಸ್ಯಾಂಪಲ್ ಇರುವಾಗ, ಅಂತರ 1.33 ಮಿಲಿಸೆಕೆಂಡ್. ಎರಡು ಪೆಟ್ಟಾಗಿ ಕೇಳುವಷ್ಟು ಅದು ದೊಡ್ಡದಲ್ಲ. ಆದರೆ 375, 1125, 1875 ಹರ್ಟ್ಸ್‌ಗಳಲ್ಲಿ ಒಂದು ಇನ್ನೊಂದನ್ನು ಹೊಡೆದುಹಾಕಿ, ಚೆಂಡೆ ತಗಡಿನ ಡಬ್ಬಿಯಂತೆ ಕೇಳತೊಡಗುತ್ತದೆ. ಇದನ್ನು ಈಕ್ಯೂ (ದನಿಯ ಬೇರೆ ಬೇರೆ ಕಂಪನಾಂಕಗಳನ್ನು ಹೆಚ್ಚು ಕಡಿಮೆ ಮಾಡುವ ಈಕ್ವಲೈಸರ್) ತಿರುಗಿಸಿ ಸರಿಮಾಡಲು ಹೊರಟವರಿಗೆ ರಾತ್ರಿಯಿಡೀ ಕೆಲಸ ಸಿಗುತ್ತದೆ, ಫಲ ಸಿಗುವುದಿಲ್ಲ.

ತಡವೆಂಬುದು ಕಂಪ್ಯೂಟರ್ ತಂದ ಕಾಯಿಲೆಯೇನಲ್ಲ. ಟೇಪ್ ಯಂತ್ರದಲ್ಲಿ ರೆಕಾರ್ಡ್ ಹೆಡ್ಡಿಗೂ ಪ್ಲೇಬ್ಯಾಕ್ ಹೆಡ್ಡಿಗೂ ನಡುವೆ ಜಾಗವಿತ್ತು. ಹಳೆಯ ಟ್ರ್ಯಾಕ್ ಕೇಳುತ್ತ ಹೊಸದು ಹಾಡಿದರೆ ಎರಡೂ ಹೊಂದುತ್ತಿರಲಿಲ್ಲ. 1950ರ ದಶಕದಲ್ಲಿ ಆಂಪೆಕ್ಸ್ ತಂದ ಸೆಲ್-ಸಿಂಕ್‌ನಲ್ಲಿ ರೆಕಾರ್ಡ್ ಹೆಡ್ಡಿನಿಂದಲೇ ಹಳೆಯದನ್ನು ಕೇಳಿಸಿ ಆ ತೊಡಕು ಬಿಡಿಸಿದರು.

ಪ್ಲಗಿನ್ನಿನ ತಡಕ್ಕೆ ಕಾರಣ ಬೇರೆ. ಲಿಮಿಟರ್ ಪೆಟ್ಟು ಬೀಳುವ ಮೊದಲೇ ಅದನ್ನು ನೋಡಬೇಕು; ಹಾಗಾಗಿ ದನಿಯನ್ನು ತುಸು ಹಿಡಿದಿಟ್ಟುಕೊಳ್ಳುತ್ತದೆ. ಎಲ್ಲ ಕಂಪನಾಂಕಗಳನ್ನೂ ಸಮನಾಗಿ ತಡಮಾಡುವ ಲೀನಿಯರ್ ಫೇಸ್ ಈಕ್ಯೂ ಇನ್ನೂ ದುಬಾರಿ: 8193 ಟ್ಯಾಪಿನ (ಅಷ್ಟು ಸ್ಯಾಂಪಲ್ ಒಟ್ಟಿಗೆ ಲೆಕ್ಕ ಹಾಕುವ) ಫಿಲ್ಟರ್ ಅಂದರೆ ಅದರ ಅರ್ಧ, 4096 ಸ್ಯಾಂಪಲ್, 48 ಕಿಲೋಹರ್ಟ್ಸ್‌ನಲ್ಲಿ 85 ಮಿಲಿಸೆಕೆಂಡ್.

1996ರಲ್ಲಿ ಸ್ಟೈನ್‌ಬರ್ಗ್ ಕಂಪನಿ ತನ್ನ ರೆಕಾರ್ಡಿಂಗ್ ಸಾಫ್ಟ್‌ವೇರ್ ಕ್ಯೂಬೇಸ್ ಜೊತೆ ವಿಎಸ್‌ಟಿ ಎಂಬ ಪ್ಲಗಿನ್ ಮಾದರಿ ತಂದ ಮೇಲೆ ಪ್ಲಗಿನ್‌ಗಳು ಮನೆಮನೆಗೆ ಬಂದವು. ತಡದ ಲೆಕ್ಕ ಬಹುಕಾಲ ಎಂಜಿನಿಯರ್ ತಲೆಯಲ್ಲೇ ಉಳಿಯಿತು. ಪ್ರೋ ಟೂಲ್ಸ್ ಎಂಬ ಇನ್ನೊಂದು ಸಾಫ್ಟ್‌ವೇರಿನಲ್ಲಿ ವಾಲ್ಯೂಮ್ ಅಂಕಿಯ ಮೇಲೆ ಕಮಾಂಡ್ ಕೀ ಒತ್ತಿ ಕ್ಲಿಕ್ಕಿಸುತ್ತ ಹೋದರೆ ಆ ಚಾನೆಲ್ಲಿನ ತಡ ಸ್ಯಾಂಪಲ್ ಲೆಕ್ಕದಲ್ಲಿ ಕಾಣುತ್ತಿತ್ತು. ಕ್ಲಿಪ್ಪನ್ನು, ಅಂದರೆ ಟ್ರ್ಯಾಕಿನ ಮೇಲಿನ ದನಿಯ ತುಂಡನ್ನು, ಅಷ್ಟೇ ಹಿಂದಕ್ಕೆ ಸರಿಸಿದರೆ ಆಯಿತು. ಬೇರೆ ಟ್ರ್ಯಾಕುಗಳ ದನಿ ಬಂದು ಹಾಯುವ ಆಕ್ಸ್ ಚಾನೆಲ್ಲಿನಲ್ಲಿ ಸರಿಸಲು ಕ್ಲಿಪ್ಪೇ ಇಲ್ಲವಲ್ಲ! ಅಲ್ಲಿ ಮಿಕ್ಕೆಲ್ಲ ಟ್ರ್ಯಾಕಿಗೂ ಟೈಮ್ ಅಡ್ಜಸ್ಟರ್ ಎಂಬ ಪ್ಲಗಿನ್ ಹಾಕಿ ತಡಮಾಡಬೇಕಿತ್ತು. ಒಂದು ಪ್ಲಗಿನ್ ಬದಲಿಸಿದಿರೋ, ಲೆಕ್ಕ ಮೊದಲಿನಿಂದ.

2004ರಲ್ಲಿ ಪ್ರೋ ಟೂಲ್ಸ್ ಎಚ್‌ಡಿ 6.4 ಈ ಕೆಲಸವನ್ನು ತಾನೇ ಮಾಡತೊಡಗಿತು, ಅದೂ 4095 ಸ್ಯಾಂಪಲ್ಲಿನ ಮಿತಿಯೊಳಗೆ. ಅಗ್ಗದ ಎಲ್‌ಇ ಆವೃತ್ತಿ ಬಳಸುವವರು 2010ರ ಪ್ರೋ ಟೂಲ್ಸ್ 9ರವರೆಗೆ ಕಾಯಬೇಕಾಯಿತು. 2013ರ 11ನೇ ಆವೃತ್ತಿಯಲ್ಲಿ ಮಿತಿ 16,383ಕ್ಕೇರಿತು. ಈಗಲೂ ಮಿಕ್ಸರಿನ ಅಡಿಯಲ್ಲಿ ತಡದ ಅಂಕಿ ಕೆಂಪಾದರೆ ಮಿತಿ ಮೀರಿದೆ ಎಂದರ್ಥ.

ಸಾಫ್ಟ್‌ವೇರ್ ಮಾಡುವುದಿಷ್ಟೇ: ಪ್ರತಿ ಪ್ಲಗಿನ್ನಿಂದ ಅದರ ತಡ ಕೇಳಿ ತಿಳಿದು, ಎಲ್ಲಕ್ಕಿಂತ ಹಿಂದುಳಿದ ದಾರಿಗೆ ಮಿಕ್ಕವನ್ನೂ ಕಾಯಿಸುತ್ತದೆ. ರೆಕಾರ್ಡ್ ಆಗಿರುವುದಕ್ಕೆ ಈ ಉಪಾಯ ಚೆನ್ನ. ಮೈಕಿನ ಮುಂದೆ ಈಗ ಹಾಡುತ್ತಿರುವವರ ದನಿಯನ್ನು ಮುಂದಕ್ಕೆ ತರಲು ಯಾವ ಲೆಕ್ಕದಿಂದಲೂ ಆಗದು. ಮಾಸ್ಟರ್ ಚಾನೆಲ್ಲಿನಲ್ಲಿ ಆ 4096 ಸ್ಯಾಂಪಲ್ಲಿನ ಈಕ್ಯೂ ಮರೆತು ಡಬ್ಬಿಂಗಿಗೆ ಕೂತರೆ, ಕಲಾವಿದರಿಗೆ ತಮ್ಮ ಮಾತೇ 25 ಫ್ರೇಮಿನ ಚಿತ್ರದಲ್ಲಿ ಎರಡು ಫ್ರೇಮ್ ಹಿಂದಿನಿಂದ ಕೇಳುತ್ತದೆ. ನಾಲಿಗೆ ತಡವರಿಸುತ್ತದೆ, ತುಟಿ ಕೂಡದಿದ್ದದ್ದಕ್ಕೆ ಬೈಗುಳ ಅವರಿಗೇ.

ರೆಕಾರ್ಡ್ ಮಾಡುವಾಗ ಬಫರ್ (ಕಂಪ್ಯೂಟರ್ ಒಂದು ಸಲಕ್ಕೆ ಸಂಸ್ಕರಿಸುವ ಸ್ಯಾಂಪಲ್‌ಗಳ ಗಂಟು) 64 ಅಥವಾ 128ಕ್ಕಿಳಿಸಿ, ಮೈಕನ್ನು ಕಂಪ್ಯೂಟರಿಗೆ ಜೋಡಿಸುವ ಇಂಟರ್‌ಫೇಸಿನ ಡೈರೆಕ್ಟ್ ಮಾನಿಟರಿಂಗ್ (ದನಿಯನ್ನು ಸಾಫ್ಟ್‌ವೇರ್ ಸುತ್ತಿಸದೆ ನೇರ ಕೇಳಿಸುವ ಸೌಲಭ್ಯ) ಬಳಸಿ. ಲಾಜಿಕ್ ಸಾಫ್ಟ್‌ವೇರಿನಲ್ಲಿ ಲೋ ಲೇಟೆನ್ಸಿ ಮೋಡ್, ಕ್ಯೂಬೇಸ್‌ನಲ್ಲಿ ಕನ್‌ಸ್ಟ್ರೇನ್ ಡಿಲೇ ಕಾಂಪೆನ್ಸೇಷನ್ ಎಂಬ ಬಟನ್ ಇದೆ. ಅವು ತಡ ಹೆಚ್ಚಿಸುವ ಪ್ಲಗಿನ್‌ಗಳನ್ನು ಬದಿಗೆ ಸರಿಸುವುದರಿಂದ ದನಿಯ ಬಣ್ಣ ಬದಲಾಗುತ್ತದೆ. ಮಿಕ್ಸ್‌ಗೆ ಕೂರುವ ಮೊದಲು ಅವನ್ನು ಆಫ್ ಮಾಡಿ, ಬಫರ್ 1024ಕ್ಕೇರಿಸಿ.

ಪ್ಲಗಿನ್ ಹೇಳುವ ಲೆಕ್ಕವೇ ಸುಳ್ಳಾಗಿರಬಹುದು. ಪರೀಕ್ಷೆ ಸುಲಭ: ಟ್ರ್ಯಾಕಿನ ನಕಲು ಮಾಡಿ, ಒಂದಕ್ಕೆ ಏನೂ ಬದಲಿಸದ ಸೆಟ್ಟಿಂಗಿನಲ್ಲಿ ಪ್ಲಗಿನ್ ಹಾಕಿ, ಇನ್ನೊಂದರ ಪೋಲಾರಿಟಿ ತಿರುಗಿಸಿ (ಅಲೆಯನ್ನು ತಲೆಕೆಳಗು ಮಾಡಿ) ನುಡಿಸಿ. ನಿಶ್ಶಬ್ದವಾದರೆ ಲೆಕ್ಕ ಸರಿ. ತೆಳ್ಳಗೆ ಉಳಿದ ದನಿ ಒಂದೊಂದೇ ಸ್ಯಾಂಪಲ್ ಸರಿಸಿದಾಗ ಮಾಯವಾದರೆ ತಪ್ಪು ಅಷ್ಟು ಸ್ಯಾಂಪಲ್ಲಿನದು. ಪ್ಲಗಿನ್ನಿನ ಓವರ್‌ಸ್ಯಾಂಪ್ಲಿಂಗ್ (ಒಳಗೆ ಹೆಚ್ಚಿನ ಸ್ಯಾಂಪಲ್ ರೇಟಿನಲ್ಲಿ ಲೆಕ್ಕ ಹಾಕುವುದು) ಬದಲಿಸಿದ ಮೇಲೆ ಪ್ಲೇ ನಿಲ್ಲಿಸಿ ಮತ್ತೆ ಶುರುಮಾಡಿ ನೋಡಿ. ಕೆಲವು ಸಲ ಹೊಸ ತಡ ಆಗಷ್ಟೇ ಲೆಕ್ಕಕ್ಕೆ ಬರುತ್ತದೆ.

ಕಂಪ್ಯೂಟರಿನ ಹೊರಗಿರುವ ಕಂಪ್ರೆಸರ್ (ದನಿಯ ಏರಿಳಿತ ತಗ್ಗಿಸುವ ಯಂತ್ರ) ಸುತ್ತಿ ಬರುವ ದನಿಯ ತಡವನ್ನು ಹೇಳಲು ಅಲ್ಲಿ ಪ್ಲಗಿನ್ ಇಲ್ಲ. ಕ್ಯೂಬೇಸಿನ ಎಕ್ಸ್‌ಟರ್ನಲ್ ಎಫೆಕ್ಟ್, ರೀಪರ್ ಸಾಫ್ಟ್‌ವೇರಿನ ರಿಯಾಇನ್ಸರ್ಟ್ ಎರಡೂ ಪಿಂಗ್ (ಪರೀಕ್ಷೆಯ ಚಿಕ್ಕ ದನಿ) ಕಳಿಸಿ ಅಳೆಯುತ್ತವೆ. ಬಫರ್ ಅಥವಾ ಸ್ಯಾಂಪಲ್ ರೇಟ್ ಬದಲಿಸಿದರೆ ಮತ್ತೆ ಪಿಂಗ್ ಮಾಡಿ.