ಪಿಂಚಣಿ ಪಡೆಯುತ್ತಲೇ ದುಡಿಯುವುದು: ಅಮೆರಿಕದ ಸೋಷಿಯಲ್ ಸೆಕ್ಯುರಿಟಿಯಲ್ಲಿ ಗಳಿಕೆಯ ಮಿತಿ

ಅಮೆರಿಕದಲ್ಲಿ ದುಡಿದು, ಸೋಷಿಯಲ್ ಸೆಕ್ಯುರಿಟಿ ತೆರಿಗೆ ಕಟ್ಟಿ 40 ಕ್ರೆಡಿಟ್‌ಗಳನ್ನು, ಅಂದರೆ ಸುಮಾರು ಹತ್ತು ವರ್ಷಗಳ ದುಡಿಮೆಯನ್ನು, ಪೂರೈಸಿದವರು 62ನೇ ವಯಸ್ಸಿನಿಂದ ನಿವೃತ್ತಿ ಪಿಂಚಣಿ ಪಡೆಯಬಹುದು. ಪಿಂಚಣಿ ಆರಂಭವಾದ ಮೇಲೂ ಕೆಲಸ ಮಾಡಲು ಕಾನೂನಿನ ಅಡ್ಡಿಯೇನೂ ಇಲ್ಲ. ಆದರೆ ಪೂರ್ಣ ನಿವೃತ್ತಿ ವಯಸ್ಸು, ಅಂದರೆ ಕಡಿತವಿಲ್ಲದ ಪಿಂಚಣಿ ಸಿಗುವ ವಯಸ್ಸು, ತಲುಪುವ ಮುನ್ನ ಗಳಿಕೆಯು ನಿಗದಿತ ಮಿತಿಯನ್ನು ದಾಟಿದರೆ ಪಿಂಚಣಿಯ ಒಂದು ಭಾಗವನ್ನು ತಡೆಹಿಡಿಯುತ್ತಾರೆ. ಇದನ್ನು ದಂಡವೆಂದೋ ಹೆಚ್ಚುವರಿ ತೆರಿಗೆಯೆಂದೋ ತಿಳಿದು, ಕೈಯಲ್ಲಿರುವ ಒಳ್ಳೆಯ ಕೆಲಸವನ್ನೇ ಬಿಡುವವರಿದ್ದಾರೆ. ಆ ತಿಳಿವಳಿಕೆ ಸರಿಯಲ್ಲ ಎಂಬುದನ್ನು ಲೆಕ್ಕ ಹಾಕಿಯೇ ನೋಡಬೇಕು.

ಮೊದಲು ವಯಸ್ಸಿನ ವಿಚಾರ. 1960 ಮತ್ತು ಅನಂತರ ಹುಟ್ಟಿದವರಿಗೆ ಪೂರ್ಣ ನಿವೃತ್ತಿ ವಯಸ್ಸು 67. ಆ ವಯಸ್ಸಿನಲ್ಲಿ ಸಿಗುವ ಮೊತ್ತವನ್ನು ನೂರು ಎಂದಿಟ್ಟುಕೊಂಡರೆ, 62ಕ್ಕೇ ಆರಂಭಿಸಿದವರಿಗೆ ಸಿಗುವುದು 70. 70ನೇ ವಯಸ್ಸಿನವರೆಗೆ ಕಾದವರಿಗೆ 124. ಗಳಿಕೆಯ ಮಿತಿ ಅನ್ವಯಿಸುವುದು 67 ತುಂಬುವ ತನಕ ಮಾತ್ರ. ಹಿಂದಿನ ಕಾನೂನಿನಲ್ಲಿ ಈ ಮಿತಿ ಪೂರ್ಣ ನಿವೃತ್ತಿ ವಯಸ್ಸು ದಾಟಿದವರನ್ನೂ ಬಿಡುತ್ತಿರಲಿಲ್ಲ. 2000ದಲ್ಲಿ ಅಮೆರಿಕದ ಸಂಸತ್ತು ಒಂದೂ ವಿರೋಧ ಮತವಿಲ್ಲದೆ ಕಾನೂನು ಮಾಡಿ ಅವರನ್ನು ಈ ನಿರ್ಬಂಧದಿಂದ ಬಿಡುಗಡೆಗೊಳಿಸಿತು.

2025ರಲ್ಲಿ ಮಿತಿ 23,400 ಡಾಲರ್ ಇತ್ತು. ವೇತನಗಳ ಏರಿಕೆಗೆ ಅನುಗುಣವಾಗಿ ಇದನ್ನು ಪರಿಷ್ಕರಿಸುವುದರಿಂದ ಆಯಾ ವರ್ಷದ ಅಂಕಿಯನ್ನೇ ನೋಡಿಕೊಳ್ಳಬೇಕು. ಮಿತಿಗಿಂತ ಹೆಚ್ಚಾದ ಪ್ರತಿ ಎರಡು ಡಾಲರ್ ಗಳಿಕೆಗೆ ಒಂದು ಡಾಲರ್ ಪಿಂಚಣಿಯನ್ನು ತಡೆಹಿಡಿಯುತ್ತಾರೆ. ಪೂರ್ಣ ನಿವೃತ್ತಿ ವಯಸ್ಸು ತುಂಬುವ ವರ್ಷದಲ್ಲಿ ನಿಯಮ ಸಡಿಲವಾಗುತ್ತದೆ: 2025ಕ್ಕೆ ಆ ಮಿತಿ 62,160 ಡಾಲರ್, ತಡೆ ಪ್ರತಿ ಮೂರು ಡಾಲರ್‌ಗೆ ಒಂದು, ಅದೂ ವಯಸ್ಸು ತುಂಬುವ ತಿಂಗಳಿಗಿಂತ ಹಿಂದಿನ ತಿಂಗಳುಗಳ ಗಳಿಕೆಗೆ ಮಾತ್ರ. ಗಳಿಕೆ ಎಂದರೆ ಇಲ್ಲಿ ಸಂಬಳ ಮತ್ತು ಸ್ವಂತ ಉದ್ಯೋಗದ ನಿವ್ವಳ ಆದಾಯ. ಬ್ಯಾಂಕ್ ಬಡ್ಡಿ, ಡಿವಿಡೆಂಡ್, ಷೇರು ಮಾರಾಟದ ಲಾಭ, ಬೇರೆ ಪಿಂಚಣಿ ಇವು ಎಷ್ಟೇ ಇದ್ದರೂ ಈ ಲೆಕ್ಕಕ್ಕೆ ಬರುವುದಿಲ್ಲ.

ಉದಾಹರಣೆಗೆ, 67ಕ್ಕೆ ತಿಂಗಳಿಗೆ 2,000 ಡಾಲರ್ ಸಿಗಬೇಕಾದವರೊಬ್ಬರು 62ಕ್ಕೇ ಪಿಂಚಣಿ ಆರಂಭಿಸಿ 1,400 ಡಾಲರ್ ಪಡೆಯುತ್ತಿದ್ದಾರೆ ಎನ್ನೋಣ. 2025ರಲ್ಲಿ, 63ನೇ ವಯಸ್ಸಿನಲ್ಲಿ, ಅವರ ಸಂಬಳ 34,600 ಡಾಲರ್. ಮಿತಿಗಿಂತ ಹೆಚ್ಚಾದದ್ದು 11,200; ಅದರ ಅರ್ಧ 5,600; ಇದು ಸರಿಯಾಗಿ ನಾಲ್ಕು ತಿಂಗಳ ಪಿಂಚಣಿ. ಪ್ರತಿ ತಿಂಗಳೂ ಸ್ವಲ್ಪ ಸ್ವಲ್ಪವಾಗಿ ಕಡಿಯುವ ಪದ್ಧತಿ ಇಲ್ಲಿಲ್ಲ. ಗಳಿಕೆಯ ಅಂದಾಜನ್ನು ಮೊದಲೇ ತಿಳಿಸಿದ್ದರೆ ಜನವರಿಯಿಂದ ಏಪ್ರಿಲ್‌ವರೆಗಿನ ಪಿಂಚಣಿಯನ್ನು ಪೂರ್ತಿ ನಿಲ್ಲಿಸಿ, ಮೇ ತಿಂಗಳಿನದನ್ನು ಎಂದಿನಂತೆ ಕೊಡುತ್ತಾರೆ. ತಿಂಗಳ ಖರ್ಚಿಗೆ ಇದೇ ಹಣವನ್ನು ನೆಚ್ಚಿಕೊಂಡ ಮನೆಗಳಿಗೆ ವರ್ಷಾರಂಭದ ಈ ನಿಲುಗಡೆ ನಿಜಕ್ಕೂ ಕಷ್ಟ ತರುತ್ತದೆ. ಅದಕ್ಕೆ ಮುಂಚಿತವಾಗಿ ಹಣ ಎತ್ತಿಟ್ಟುಕೊಳ್ಳಬೇಕು. ಅಂದಾಜು ತಿಳಿಸದೇ ಇದ್ದರೆ, ಹೆಚ್ಚಾಗಿ ಪಾವತಿಯಾದ ಹಣವನ್ನು ಆಮೇಲೆ ಹಿಂತಿರುಗಿಸಬೇಕಾಗುತ್ತದೆ. ಇವರ ಖಾತೆಯ ಆಧಾರದ ಮೇಲೆ ಗಂಡ ಅಥವಾ ಹೆಂಡತಿ ಪಡೆಯುತ್ತಿರುವ ಪಾಲಿಗೂ ಈ ತಡೆ ತಾಗಬಹುದು.

ತಡೆಹಿಡಿದ ಹಣ ಏನಾಗುತ್ತದೆ ಎಂಬುದೇ ಈ ವಿಷಯದ ತಿರುಳು. ಹೀಗೆಯೇ 67ರೊಳಗೆ ಒಟ್ಟು 20 ತಿಂಗಳ ಪಿಂಚಣಿ ನಿಂತಿತ್ತು ಎಂದುಕೊಳ್ಳೋಣ. 67 ತುಂಬಿದಾಗ, ಇವರು 60 ತಿಂಗಳು ಮೊದಲೇ ಪಿಂಚಣಿ ಆರಂಭಿಸಿದವರಲ್ಲ, 40 ತಿಂಗಳು ಮೊದಲು ಆರಂಭಿಸಿದವರು ಎಂಬಂತೆ ಮೊತ್ತವನ್ನು ಮರುಲೆಕ್ಕ ಹಾಕುತ್ತಾರೆ. ಆಗ ಕಡಿತ ಶೇಕಡ 30ರ ಬದಲು ಸುಮಾರು 21.67 ಆಗಿ, ಪಿಂಚಣಿ 1,400ರಿಂದ ಸುಮಾರು 1,566 ಡಾಲರ್‌ಗೆ ಏರುತ್ತದೆ, ಮತ್ತು ಜೀವನಪೂರ್ತಿ ಆ ಮಟ್ಟದಲ್ಲೇ ಉಳಿಯುತ್ತದೆ. ಬೆಲೆ ಏರಿಕೆಯ ಹೊಂದಾಣಿಕೆಯನ್ನು ಬದಿಗಿಟ್ಟು ನೋಡಿದರೆ, ತಡೆಹಿಡಿದ 28,000 ಡಾಲರ್ ಈ ಹೆಚ್ಚಳದ ಮೂಲಕ ತಿರುಗಿ ಬರಲು ಸುಮಾರು 14 ವರ್ಷ ಬೇಕು. ಅಂದರೆ 81ರ ಆಸುಪಾಸು. ದೀರ್ಘಾಯುಷಿಗಳಿಗೆ ಇದು ಲಾಭ, ಅಷ್ಟು ಕಾಲ ಬದುಕದವರಿಗೆ ನಷ್ಟ. ಆದ್ದರಿಂದ ಇದನ್ನು ಮುಂದೂಡಿಕೆ ಎನ್ನುವುದು ಸರಿ, ಆದರೆ ಪ್ರತಿಯೊಬ್ಬರಿಗೂ ಪೂರ್ತಿ ವಾಪಸು ಬರುತ್ತದೆ ಎಂಬ ಭರವಸೆಯಲ್ಲ. 67ರವರೆಗೆ ಒಳ್ಳೆಯ ಸಂಬಳದಲ್ಲಿ ದುಡಿಯುವುದು ಖಚಿತವಿದ್ದವರು 62ಕ್ಕೇ ಅರ್ಜಿ ಹಾಕುವುದರಲ್ಲಿ ನನಗೆ ಹೆಚ್ಚಿನ ಅರ್ಥ ಕಾಣುವುದಿಲ್ಲ.

ವರ್ಷದ ನಡುವೆ ನಿವೃತ್ತರಾಗುವವರಿಗೆ ಒಂದು ರಿಯಾಯಿತಿಯಿದೆ. ಮೊದಲಿನ ತಿಂಗಳುಗಳಲ್ಲಿ ಎಷ್ಟೇ ಗಳಿಸಿದ್ದರೂ, ಸಾಮಾನ್ಯವಾಗಿ ನಿವೃತ್ತಿಯ ಮೊದಲ ವರ್ಷಕ್ಕೆ ಮಾತ್ರ, ತಿಂಗಳ ಸಂಬಳ ವಾರ್ಷಿಕ ಮಿತಿಯ ಹನ್ನೆರಡನೇ ಒಂದು ಭಾಗವನ್ನು (2025ರಲ್ಲಿ 1,950 ಡಾಲರ್) ಮೀರದ ತಿಂಗಳುಗಳಿಗೆ ಪೂರ್ತಿ ಪಿಂಚಣಿ ಸಿಗುತ್ತದೆ.

ನಿಜವಾದ ತೆರಿಗೆ ಬೇರೆಯೇ ಇದೆ, ಅದಕ್ಕೆ ವಯಸ್ಸಿನ ವಿನಾಯಿತಿಯಿಲ್ಲ. ಇತರ ಆದಾಯದ ಜೊತೆಗೆ ಪಿಂಚಣಿಯ ಅರ್ಧವನ್ನು ಕೂಡಿಸಿದಾಗ ಒಂಟಿಯಾಗಿ ರಿಟರ್ನ್ ಸಲ್ಲಿಸುವವರಿಗೆ 25,000, ದಂಪತಿಗೆ 32,000 ಡಾಲರ್ ದಾಟಿದರೆ ಪಿಂಚಣಿಯ ಒಂದು ಭಾಗ ತೆರಿಗೆಗೆ ಒಳಪಡುತ್ತದೆ. ಆದಾಯ ಇನ್ನೂ ಏರಿದರೆ ಆ ಭಾಗ ಶೇಕಡ 85ರವರೆಗೂ ಹೋಗಬಹುದು. ಈ ಎರಡು ಮಿತಿಗಳು 1983ರ ಕಾನೂನಿನಲ್ಲಿ ಬಂದವು, ಬೆಲೆ ಏರಿಕೆಗೆ ತಕ್ಕಂತೆ ಇಂದಿಗೂ ಬದಲಾಗಿಲ್ಲ. ಅಂದು ಸ್ಥಿತಿವಂತರಿಗೆ ಮಾತ್ರ ತಾಗುತ್ತಿದ್ದ ತೆರಿಗೆ ಇಂದು ಸಾಧಾರಣ ಆದಾಯದವರಿಗೂ ತಾಗುತ್ತಿರುವುದು ನ್ಯಾಯವಲ್ಲ ಎಂದೇ ನನ್ನ ಅಭಿಪ್ರಾಯ. ಸಂಬಳದಿಂದ ಸೋಷಿಯಲ್ ಸೆಕ್ಯುರಿಟಿಗೆ ಶೇಕಡ 6.2, ಹಿರಿಯರ ಸರ್ಕಾರಿ ಆರೋಗ್ಯ ವಿಮೆಯಾದ ಮೆಡಿಕೇರ್‌ಗೆ 1.45 ಕಡಿತವೂ ಮುಂದುವರಿಯುತ್ತದೆ. ಪಿಂಚಣಿಯನ್ನು ಅತಿ ಹೆಚ್ಚು ಗಳಿಕೆಯ 35 ವರ್ಷಗಳ ಮೇಲೆ ನಿರ್ಧರಿಸುವುದರಿಂದ, ಹೊಸ ವರ್ಷದ ಗಳಿಕೆ ಹಳೆಯ ಕಡಿಮೆ ಗಳಿಕೆಯ ವರ್ಷವೊಂದರ ಜಾಗಕ್ಕೆ ಬಂದರೆ ಮೊತ್ತ ಸ್ವಲ್ಪ ಏರುತ್ತದೆ. ತಡವಾಗಿ ಅಮೆರಿಕಕ್ಕೆ ಹೋದವರ ಖಾತೆಯಲ್ಲಿ ಸೊನ್ನೆಯ ವರ್ಷಗಳೇ ಇರುವುದರಿಂದ ಅವರಿಗೆ ಇದರ ಪ್ರಯೋಜನ ಹೆಚ್ಚು.

ಬೆಂಗಳೂರಿಗೋ ಮೈಸೂರಿಗೋ ಮರಳಿ ಬಂದು ನೆಲೆಸುವವರು ಇನ್ನೊಂದು ನಿಯಮವನ್ನು ತಿಳಿದಿರಬೇಕು. ಅಮೆರಿಕದ ಸೋಷಿಯಲ್ ಸೆಕ್ಯುರಿಟಿ ತೆರಿಗೆ ಅನ್ವಯಿಸದ ಕೆಲಸವನ್ನು ಆ ದೇಶದ ಹೊರಗೆ ಮಾಡುವವರಿಗೆ ಡಾಲರ್ ಮಿತಿಯ ಬದಲು ಗಂಟೆಗಳ ಮಿತಿಯಿದೆ. ಪೂರ್ಣ ನಿವೃತ್ತಿ ವಯಸ್ಸಿಗಿಂತ ಮೊದಲು ಒಂದು ತಿಂಗಳಲ್ಲಿ 45 ಗಂಟೆಗಿಂತ ಹೆಚ್ಚು ದುಡಿದರೆ ಆ ತಿಂಗಳ ಪೂರ್ತಿ ಪಿಂಚಣಿ ನಿಲ್ಲುತ್ತದೆ. ಸಂಬಳ ಎಷ್ಟೆಂಬುದು ಲೆಕ್ಕಕ್ಕಿಲ್ಲ. ಇಲ್ಲಿನ ಕಾಲೇಜೊಂದರಲ್ಲಿ ಸಣ್ಣ ಸಂಬಳಕ್ಕೆ ವಾರಕ್ಕೆ ಹನ್ನೆರಡು ಗಂಟೆ ಪಾಠ ಮಾಡುವ 64ರ ಪ್ರಾಧ್ಯಾಪಕರು ತಿಂಗಳಿಗೆ 1,400 ಡಾಲರ್ ಪಿಂಚಣಿಯನ್ನು ತಡೆಗೆ ಒಡ್ಡಿದಂತಾಗುತ್ತದೆ. 45 ಗಂಟೆಗಿಂತ ಹೆಚ್ಚು ದುಡಿಯುವ ಒಪ್ಪಂದವಿದ್ದು, ರಜೆಯ ಕಾರಣ ಅಷ್ಟು ದುಡಿಯದಿದ್ದರೂ ನಿಯಮ ಅನ್ವಯಿಸುತ್ತದೆ. ಕೆಲಸಕ್ಕೆ ಒಪ್ಪುವ ಮೊದಲೇ ಗಂಟೆಗಳನ್ನು ಬರಹದಲ್ಲಿ ಗೊತ್ತುಮಾಡಿಕೊಳ್ಳುವುದು, ಹೊರದೇಶದ ಪಿಂಚಣಿದಾರರಿಗೆ ಕಳುಹಿಸುವ ಪ್ರಶ್ನಾವಳಿಗೆ ಆ ಕೆಲಸವನ್ನು ನಮೂದಿಸಿ ಸಕಾಲದಲ್ಲಿ ಉತ್ತರಿಸುವುದು ಅವಶ್ಯಕ.