ಬಿಡುವ ಉಸಿರಿನ ಬ್ರೇಕು

ಜನವರಿಯಲ್ಲಿ ಕಣದ ತುಂಬ ಕಾಫಿ ಹರಡಿರುವಾಗ ಮುಳ್ಳಯ್ಯನಗಿರಿ ಕಡೆ ಮೋಡ ಕಟ್ಟಿದರೆ ಚಿಕ್ಕಮಗಳೂರಿನ ಯಾವ ಬೆಳೆಗಾರನ ಎದೆಯೂ ಸುಮ್ಮನಿರುವುದಿಲ್ಲ. ಹಾಗೊಂದು ದಿನ ನನ್ನೆದೆ ಡವಡವ ಅನ್ನುತ್ತಿತ್ತು. ಟಾರ್ಪಾಲು ಎಳೆಯುತ್ತಿದ್ದ ಚಿಕ್ಕಪ್ಪ, "ಟೆನ್ಷನ್ ಮಾಡ್ಕೋಬೇಡ ಕಣೋ, ಜೋರಾಗಿ ಉಸಿರು ಎಳ್ಕೋ, ಆಕ್ಸಿಜನ್ ಜಾಸ್ತಿ ಸಿಗುತ್ತೆ" ಎಂದರು.

ಸಲಹೆ ಅರ್ಧ ಸರಿ. ಕಾರಣ ಪೂರ್ತಿ ತಪ್ಪು. ಆರೋಗ್ಯವಾಗಿರುವವರ ರಕ್ತದಲ್ಲಿ ಆಕ್ಸಿಜನ್ ಹೊರುವ ಹಿಮೋಗ್ಲೋಬಿನ್ ನೂರಕ್ಕೆ 95ಕ್ಕಿಂತ ಜಾಸ್ತಿ ಆಕ್ಸಿಜನ್‌ನಿಂದ ಮೊದಲೇ ಭರ್ತಿಯಾಗಿರುತ್ತದೆ. ಕೋವಿಡ್ ಕಾಲದಲ್ಲಿ ಬೆರಳಿಗೆ ಸಿಕ್ಕಿಸಿ ನೋಡುತ್ತಿದ್ದೆವಲ್ಲ, ಅದೇ ಲೆಕ್ಕ. ತುಂಬಿದ ಬಸ್ಸಿಗೆ ಇನ್ನೆಷ್ಟು ಜನರನ್ನು ಹತ್ತಿಸುತ್ತೀರಿ? ಜೋರುಜೋರಾಗಿ ಉಸಿರಾಡುತ್ತಾ ಹೋದರೆ ರಕ್ತದ ಕಾರ್ಬನ್ ಡೈಆಕ್ಸೈಡ್ ಇಳಿಯುತ್ತದೆ, ಮೆದುಳಿನ ರಕ್ತನಾಳಗಳು ಕಿರಿದಾಗುತ್ತವೆ. ತಲೆ ಸುತ್ತುತ್ತದೆ, ಬೆರಳು ಜುಮ್ಮೆನ್ನುತ್ತದೆ. ಹೆದರಿದವನು ಇನ್ನಷ್ಟು ಹೆದರುತ್ತಾನೆ.

ಕೆಲಸ ಮಾಡುವುದು ಬಿಡುವ ಉಸಿರು. ಹೃದಯವನ್ನು ಅದರ ಪಾಡಿಗೆ ಬಿಟ್ಟರೆ ನಿಮಿಷಕ್ಕೆ ಸುಮಾರು 100 ಸಲ ಬಡಿಯುತ್ತದೆ. ಅದನ್ನು 70ರ ಆಸುಪಾಸಿಗೆ ಇಳಿಸಿಟ್ಟಿರುವುದು ಮೆದುಳಿನ ಬುಡದಿಂದ ಹೊಟ್ಟೆಯವರೆಗೂ ಇಳಿಯುವ ವೇಗಸ್ ನರ. ಚಾರ್ಮಾಡಿ ಘಾಟಿ ಇಳಿಯುವ ಲಾರಿ ಡ್ರೈವರ್ ಬ್ರೇಕಿನಿಂದ ಕಾಲು ತೆಗೆಯುತ್ತಾನೆಯೇ? ಇದೂ ಹಾಗೇ. ಉಸಿರು ಎಳೆದಾಗ ಕಾಲು ಚೂರು ಸಡಿಲ, ಬಡಿತ ಏರುತ್ತದೆ. ಬಿಟ್ಟಾಗ ಮತ್ತೆ ಒತ್ತುತ್ತದೆ, ಬಡಿತ ಇಳಿಯುತ್ತದೆ. ಅನುಮಾನವಿದ್ದರೆ ಮಣಿಕಟ್ಟಿನ ನಾಡಿ ಹಿಡಿದು ನೋಡಿ.

ಈ ನರ ಹೃದಯಕ್ಕೆ ಸುದ್ದಿ ಮುಟ್ಟಿಸುವುದು ಹೇಗೆ? ಇದನ್ನು ಕಂಡುಹಿಡಿದ ಕಥೆ ಹೇಳದೆ ನನಗೆ ಮುಂದೆ ಹೋಗಲಾಗದು. ಆಸ್ಟ್ರಿಯಾದ ಗ್ರಾಟ್ಸ್ ಊರಿನಲ್ಲಿದ್ದ ವಿಜ್ಞಾನಿ ಆಟೊ ಲೋವಿಗೆ ಒಂದು ರಾತ್ರಿ ಕನಸಿನಲ್ಲಿ ಪ್ರಯೋಗವೊಂದು ಹೊಳೆಯಿತು. ಚೀಟಿಯಲ್ಲಿ ಗೀಚಿ ಮಲಗಿದರು. ಬೆಳಿಗ್ಗೆ ಅವರ ಅಕ್ಷರ ಅವರಿಗೇ ಓದಲಾಗಲಿಲ್ಲ! ಮರುರಾತ್ರಿ ಅದೇ ಕನಸು. ಈ ಸಲ ಎದ್ದವರೇ ಲ್ಯಾಬಿಗೆ ಓಡಿದರು. ಕಪ್ಪೆಯ ಹೃದಯವೊಂದರ ವೇಗಸ್ ನರಕ್ಕೆ ಕರೆಂಟ್ ಕೊಟ್ಟು ಬಡಿತ ನಿಧಾನವಾಗಿಸಿದರು. ಆ ಹೃದಯದಲ್ಲಿದ್ದ ಉಪ್ಪುನೀರನ್ನು ಇನ್ನೊಂದು ಕಪ್ಪೆಯ ಹೃದಯಕ್ಕೆ ಹಾಕಿದರು. ನರವೇ ಇಲ್ಲದ ಅದೂ ನಿಧಾನವಾಯಿತು! ಅಂದರೆ ಸುದ್ದಿ ಬಂದದ್ದು ನೀರಿನಲ್ಲಿ ಕರಗಿದ್ದ ರಾಸಾಯನಿಕವೊಂದರಿಂದ. ಪ್ರಕಟವಾದದ್ದು 1921ರಲ್ಲಿ, ನೊಬೆಲ್ ಸಿಕ್ಕಿದ್ದು 1936ರಲ್ಲಿ. ಆ ರಾಸಾಯನಿಕವೇ ಅಸಿಟೈಲ್‌ಕೋಲಿನ್.

ಮಾಡುವುದು ಸುಲಭ. ಸೆಕೆಂಡಿಗೊಂದರಂತೆ ನಾಲ್ಕು ಎಣಿಸುತ್ತಾ ಎಳೆಯಿರಿ, ಆರು ಎಣಿಸುತ್ತಾ ಬಿಡಿ. ನಿಮಿಷಕ್ಕೆ ಆರು ಉಸಿರಾಯಿತು. ರಕ್ತದೊತ್ತಡವೂ ಸುಮಾರು ಹತ್ತು ಸೆಕೆಂಡಿಗೊಮ್ಮೆ ತೂಗುವ ಜೋಕಾಲಿಯೇ. ಅದರ ಲಯಕ್ಕೆ ಸರಿಯಾಗಿ ತಳ್ಳಿದರೆ ತೂಗು ದೊಡ್ಡದಾಗುತ್ತದೆ, ಅಲ್ವಾ? ಭಜನೆ, ಭ್ರಾಮರಿ, ಓಂಕಾರದಲ್ಲೂ ಉಸಿರು ಉದ್ದಕ್ಕೆ ಹೊರಹೋಗುತ್ತದೆ. ಇದಕ್ಕೆ 'ವಿಶ್ವಶಕ್ತಿಯ ತರಂಗ' ಅಂತ ದುಡ್ಡು ಕೇಳುವವರನ್ನು ಕಂಡರೆ ಮಾತ್ರ ನನ್ನ ಬಡಿತ ಏರುತ್ತದೆ. ಡಾಕ್ಟರು ಕೊಟ್ಟ ಮಾತ್ರೆಯನ್ನು ಇದನ್ನು ಓದಿ ನಿಲ್ಲಿಸಬೇಡಿ; ನಾನು ಹೇಳುತ್ತಿರುವುದು ದಿನನಿತ್ಯದ ಒತ್ತಡದ ಮಾತು.

ಅವತ್ತು ಮಳೆ ಬಂದೇ ಬಂತು. ಒಂದು ಮೂಲೆಯ ಕಾಫಿ ನೆನೆಯಿತು. ಚಿಕ್ಕಪ್ಪ ಜಗಲಿಯಲ್ಲಿ ಕೂತು "ಉಸ್ಸಪ್ಪಾ" ಎಂದು ಉದ್ದಕ್ಕೆ ಉಸಿರು ಬಿಟ್ಟರು.