‘ಹಳೇ ಕಾಲದ ಸಿನಿಮಾ’: ಹೊಗಳಿಕೆಯೋ, ದೂರೋ?

ಪ್ರಶ್ನೆ: ಜೀವ ಉಳಿಸಿಕೊಳ್ಳಲು ಹೆಣಗುವವರ ಕಥೆಯಿರುವ, ಹಳೆಯ ಶೈಲಿಯ ಸಾಹಸ ಥ್ರಿಲ್ಲರ್‌ಗಳೆಂದರೆ ನನಗೂ ನಮ್ಮ ತಂದೆಯವರಿಗೂ ಇಷ್ಟ. ಆದರೆ ನೋಡುವ ಮೊದಲು ಪ್ರೇಕ್ಷಕರ ಅಭಿಪ್ರಾಯ ಓದಿದರೆ ತಲೆ ಕೆಡುತ್ತದೆ. ಒಬ್ಬರು ‘ಹಳೇ ಕಾಲದ ಸಿನಿಮಾ’ ಎಂದು ಐದಕ್ಕೆ ಐದು ಕೊಟ್ಟರೆ, ಇನ್ನೊಬ್ಬರು ಅದೇ ಮಾತು ಹೇಳಿ ಒಂದು ಕೊಟ್ಟಿರುತ್ತಾರೆ. ಯಾರನ್ನು ನಂಬಬೇಕು?
(ಸಿಂಧನೂರಿನ ಓದುಗರೊಬ್ಬರು)

ಉತ್ತರ: ಇಬ್ಬರನ್ನೂ ನಂಬಬಹುದು, ಪಕ್ಕಕ್ಕಿಡಬೇಕಾದದ್ದು ಅವರು ಕೊಟ್ಟ ಅಂಕವನ್ನು ಮಾತ್ರ. ಇಬ್ಬರೂ ಕಂಡದ್ದು ಒಂದೇ ಗುಣವನ್ನು: ಕಥೆ ಹೊರಡಲು ಹೊತ್ತು ಹಿಡಿಯುತ್ತದೆ, ಗುರಿ ಒಂದೇ ಇರುತ್ತದೆ, ಮಾತು ಕಡಿಮೆ, ಮತ್ತು ಅಪಾಯವು ನದಿ, ಬೆಂಕಿ, ಬೆಟ್ಟ, ಯಂತ್ರಗಳಂಥ ತೂಕವುಳ್ಳ ವಸ್ತುಗಳಿಂದ ಬರುತ್ತದೆ. ಒಬ್ಬರು ಅದನ್ನೇ ಬಯಸಿ ಕುಳಿತಿದ್ದರು, ಇನ್ನೊಬ್ಬರು ಬೇರೇನನ್ನೋ ಬಯಸಿದ್ದರು.

ಬಯಸಿದ್ದು ಸಿಗದಿದ್ದರೆ ಒಳ್ಳೆಯ ಸಿನಿಮಾಕ್ಕೂ ಎಂಥ ಗತಿ ಬರುತ್ತದೆಂಬುದಕ್ಕೆ ವಿಲಿಯಂ ಫ್ರೀಡ್ಕಿನ್ 1977ರಲ್ಲಿ ತೆಗೆದ ‘ಸಾರ್ಸರರ್’ ಸಾಕ್ಷಿ. ಹೊತ್ತಿ ಉರಿಯುತ್ತಿರುವ ಎಣ್ಣೆಬಾವಿಯನ್ನು ಆರಿಸಲು, ಅಲುಗಾಡಿದರೆ ಸಿಡಿಯುವ ಹಳೆಯ ಡೈನಮೈಟನ್ನು ನಾಲ್ವರು ಎರಡು ಲಾರಿಗಳಲ್ಲಿ 200 ಮೈಲಿಗೂ ಮಿಕ್ಕಿದ ಕಾಡುದಾರಿಯಲ್ಲಿ ಸಾಗಿಸಬೇಕು ಎಂಬುದಷ್ಟೇ ಅದರ ಕಥೆ. ಆ ಹೆಸರಿಗೆ ‘ಮಾಂತ್ರಿಕ’ ಎಂಬ ಅರ್ಥವಿದೆ. ಅದೇ ನಿರ್ದೇಶಕರು 1973ರಲ್ಲಿ ‘ದಿ ಎಕ್ಸಾರ್ಸಿಸ್ಟ್’ ಎಂಬ ದೆವ್ವದ ಚಿತ್ರದಿಂದ ಲೋಕವನ್ನೇ ನಡುಗಿಸಿದ್ದವರಾದ್ದರಿಂದ, ಇನ್ನೊಂದು ದೆವ್ವ ಕಾಣಬಹುದೆಂದು ಹೋದವರಿಗೆ ಕಂಡದ್ದು ಕೆಸರಿನಲ್ಲಿ ಹೂತ ಲಾರಿ; ‘ಸಾರ್ಸರರ್’ ಎಂಬುದು ಆ ಎರಡು ಲಾರಿಗಳಲ್ಲಿ ಒಂದರ ಮೇಲೆ ಬರೆದ ಹೆಸರು ಮಾತ್ರ. ಸಾಲದ್ದಕ್ಕೆ ಅದು ತೆರೆಗೆ ಬಂದದ್ದು ‘ಸ್ಟಾರ್ ವಾರ್ಸ್’ ಬಿಡುಗಡೆಯಾದ ಒಂದು ತಿಂಗಳಿಗೆ, ಜನ ಆಕಾಶದ ಯುದ್ಧಕ್ಕೆ ಮರುಳಾಗಿದ್ದ ಹೊತ್ತಿನಲ್ಲಿ. ಹಾಕಿದ ದುಡ್ಡು ಬರಲಿಲ್ಲ. ಮುಂದೆ 2013ರಲ್ಲಿ ಅದರ ಪ್ರತಿಯನ್ನು ಸರಿಪಡಿಸಿ ವೆನಿಸ್ ಚಿತ್ರೋತ್ಸವದಲ್ಲಿ ತೋರಿಸುವ ವೇಳೆಗೆ ಅದನ್ನು ಮೆಚ್ಚುವವರ ದೊಡ್ಡ ಬಳಗವೇ ಹುಟ್ಟಿಕೊಂಡಿತ್ತು. ಸಿನಿಮಾ ಅದೇ ಇತ್ತು, ನೋಡುವವರ ನಿರೀಕ್ಷೆ ಬದಲಾಗಿತ್ತು.

ಬಳ್ಳಾರಿಯ ನಮ್ಮ ಮನೆಯಲ್ಲಿ ಇದನ್ನು ಹಾಕಿದಾಗ ಒಂದೇ ಕೋಣೆಯಲ್ಲಿ ಎರಡು ಅಭಿಪ್ರಾಯ ಹುಟ್ಟಿದವು. ಸಂಡೂರಿನ ಕಡೆಯಿಂದ ವರ್ಷಗಟ್ಟಲೆ ಅದಿರು ಲಾರಿ ಓಡಿಸಿದ ನಮ್ಮ ದೊಡ್ಡಪ್ಪ ಮೊದಲ ಒಂದು ಗಂಟೆ ತೂಕಡಿಸಿದರು, ನಡುವೆ ಒಮ್ಮೆ ಕಣ್ಣು ಬಿಟ್ಟು, ‘ಲಾರಿ ಎಲ್ಲೈತಪಾ?’ ಎಂದು ಕೇಳಿದರು. ಆದರೆ ಬಿರುಮಳೆಯಲ್ಲಿ, ಹಲಗೆಗಳು ಕಿತ್ತುಹೋದ ಹಗ್ಗದ ತೂಗುಸೇತುವೆಯ ಮೇಲೆ ಲಾರಿ ಏರಿದಾಗ ಅವರ ಕೈಯಲ್ಲಿದ್ದ ಮಂಡಕ್ಕಿ ಅಲ್ಲೇ ಉಳಿಯಿತು. ‘ಹಿಂದಿನ ಗಾಲಿ ಹಲಗಿ ಬಿಡ್ತು ನೋಡು, ಈಗ ಸ್ಟೇರಿಂಗ್ ತಿರುವಿದ್ರ ಕೆಟ್ತು’ ಎಂದು ಅವರು ಪರದೆಯೊಳಗಿನ ಡ್ರೈವರನಿಗೇ ಹೇಳತೊಡಗಿದರು. ಪಕ್ಕದಲ್ಲಿದ್ದ ಅವರ ಮೊಮ್ಮಗ ಮೊಬೈಲಿನಿಂದ ತಲೆ ಎತ್ತದೆ, ಒಂದು ಸೇತುವೆ ದಾಟಲು ಇಷ್ಟು ಹೊತ್ತೇ ಎಂದ. ಇಬ್ಬರೂ ಸುಳ್ಳು ಹೇಳಲಿಲ್ಲ. ಆ ದೃಶ್ಯವನ್ನು ತೆಗೆಯಲು ಡೊಮಿನಿಕನ್ ಗಣರಾಜ್ಯದಲ್ಲಿ ಕಟ್ಟಿದ ಸೇತುವೆಯ ಕೆಳಗಿನ ನದಿಯೇ ಬತ್ತಿಹೋಗಿ, ಮೆಕ್ಸಿಕೊದಲ್ಲಿ ಮತ್ತೆ ಕಟ್ಟಬೇಕಾಯಿತು. ಲಾರಿಯ ಭಾರ ತಿಳಿದವರಿಗೆ ಅಲ್ಲಿ ವಾಲುತ್ತಿರುವುದು ನಿಜವಾದ ಲಾರಿ ಎಂಬುದು ಯಾರೂ ಹೇಳದೆಯೇ ಗೊತ್ತಾಗುತ್ತದೆ.

ಆದ್ದರಿಂದ ‘ನಿಧಾನ’ ಎಂಬ ದೂರನ್ನು ಓದುವಾಗ ಸ್ವಲ್ಪ ತಡೆಯಿರಿ. 2024ರ ಆಗಸ್ಟ್ 10ರ ರಾತ್ರಿ ತುಂಗಭದ್ರಾ ಅಣೆಕಟ್ಟಿನ 33 ಗೇಟುಗಳಲ್ಲಿ 19ನೆಯದು ಚೈನು ತುಂಡಾಗಿ ಕೊಚ್ಚಿಹೋದಾಗ, ನುಗ್ಗುವ ನೀರಿನ ನಡುವೆಯೇ ಸ್ಟಾಪ್‌ಲಾಗ್ ಎಂಬ ತಾತ್ಕಾಲಿಕ ಗೇಟಿನ ಉಕ್ಕಿನ ತುಂಡುಗಳನ್ನು ಕ್ರೇನಿನಿಂದ ಒಂದೊಂದಾಗಿ ಇಳಿಸಿದ ಆ ಒಂದು ವಾರವನ್ನು ಕೊಪ್ಪಳ, ರಾಯಚೂರು, ಬಳ್ಳಾರಿಗಳಲ್ಲಿ ಯಾರೂ ನಿಧಾನವೆಂದು ಕರೆಯಲಿಲ್ಲ. ಏನು ಕೈತಪ್ಪಬಹುದೆಂಬುದು ಗದ್ದೆಯಿದ್ದವರಿಗೆಲ್ಲ ಗೊತ್ತಿತ್ತು. ಈ ಬಗೆಯ ಚಿತ್ರಗಳು ಮೊದಲ ಅರ್ಧವನ್ನು ಖರ್ಚು ಮಾಡುವುದು ಆ ಅರಿವನ್ನು ಕಟ್ಟಲಿಕ್ಕೇ. ಅದು ಕಟ್ಟಿಕೊಳ್ಳದಿದ್ದರೆ ನಿಧಾನವೆಂಬ ದೂರು ನ್ಯಾಯವಾದದ್ದು.

‘ಕೊನೆ ಮೊದಲೇ ಗೊತ್ತಾಗುತ್ತದೆ’ ಎಂಬ ಇನ್ನೊಂದು ದೂರಿಗೆ ನಾನು ಹೆಚ್ಚು ಬೆಲೆ ಕೊಡುವುದಿಲ್ಲ. ದುರ್ಯೋಧನನ ತೊಡೆ ಮುರಿಯುವುದು ಗೊತ್ತಿದ್ದೂ ನಮ್ಮ ಸೀಮೆಯ ಜನ ಬಯಲಾಟಕ್ಕೆ ಚಾಪೆ ಹಾಸಿ ಬೆಳಗಿನವರೆಗೆ ಕೂತಿದ್ದಾರೆ. ಅವರು ತೂಗಿ ನೋಡುವುದು ವೇಷ ಹೇಗೆ ರಂಗ ಹೊಕ್ಕಿತು, ಮಾತಿಗೆ ಕಸುವಿತ್ತೇ, ಹೆಜ್ಜೆ ತಾಳಕ್ಕೆ ಬಿತ್ತೇ ಎಂಬುದನ್ನು. ಆದರೆ ಹೆಂಗಸರಿಗೆ ಕಥೆಯಲ್ಲಿ ಕೆಲಸವೇ ಇಲ್ಲ, ಆ ನೆಲದ ಜನರೆಲ್ಲ ಬರೀ ಹಿನ್ನೆಲೆಯಾಗಿದ್ದಾರೆ, ಸತ್ತವನ ಹೆಸರು ಕೂಡ ನೆನಪಿನಲ್ಲಿ ಉಳಿಯಲಿಲ್ಲ ಎಂಬ ಆಕ್ಷೇಪಗಳನ್ನು ‘ಹಳೇ ಕಾಲದ್ದಲ್ಲವೇ’ ಎಂದು ತಳ್ಳಿಹಾಕಲಾಗದು. ಅವು ರುಚಿಭೇದಗಳಲ್ಲ, ಬರವಣಿಗೆಯ ಕುಂದುಗಳು.

ಅಂಕಗಳ ಸರಾಸರಿಯಂತೂ ಈ ಬಗೆಯ ಚಿತ್ರಗಳಲ್ಲಿ ದಾರಿ ತಪ್ಪಿಸುವುದೇ ಹೆಚ್ಚು. ಹತ್ತು ಜನರೂ ಮೂರು ಕೊಟ್ಟರೆ ಸರಾಸರಿ ಮೂರು. ಐವರು ಐದು, ಐವರು ಒಂದು ಕೊಟ್ಟರೂ ಮೂರೇ. ಮೊದಲನೆಯದು ಯಾರಿಗೂ ಬೇಡವೆನಿಸದ, ಯಾರಿಗೂ ಬೇಕೆನಿಸದ ಚಿತ್ರ. ಎರಡನೆಯದು ತಮ್ಮಂಥವರಿಗಾಗಿಯೇ ತೆಗೆದದ್ದಿರಬಹುದು. ಇನ್ನೊಂದು ವಿಷಯ: ನಮ್ಮ ಕಡೆ ಅನೇಕರು ಪರದೇಶದ ಚಿತ್ರಗಳನ್ನು ತೆಲುಗು ಇಲ್ಲವೇ ಹಿಂದಿ ಡಬ್ಬಿಂಗ್‌ನಲ್ಲಿ ನೋಡುತ್ತಾರೆ. ಮೌನವಿದ್ದಲ್ಲಿ ಡಬ್ಬಿಂಗ್‌ನವರು ಚಟಾಕಿ ತುರುಕಿದ್ದರೆ ‘ಸಂಭಾಷಣೆ ಪೇಲವ’ ಎಂಬ ಟೀಕೆ ಮೂಲ ಚಿತ್ರಕ್ಕೆ ತಗಲುವುದಿಲ್ಲ.

ತಮ್ಮ ತಂದೆಯವರೊಡನೆ ನೋಡಲು ಆರಿಸುವಾಗ, ಒಂದು ದೃಶ್ಯವನ್ನಾದರೂ ಹೆಸರಿಸಿ ಅಲ್ಲಿ ತಮಗೇನಾಯಿತೆಂದು ಬರೆದ ಎರಡು ಅಭಿಪ್ರಾಯಗಳನ್ನು ಹುಡುಕಿ: ಒಂದು ಮೆಚ್ಚಿದವರದು, ಒಂದು ಬೇಸತ್ತವರದು. ಬೇಸತ್ತವರು ‘ಅರ್ಧ ಗಂಟೆ ಬರೀ ದೋಣಿ ದುರಸ್ತಿ ಮಾಡುತ್ತಾರೆ’ ಎಂದು ಬರೆದದ್ದನ್ನು ಓದಿ ತಮಗೆ ಆ ದೋಣಿ ದುರಸ್ತಿಯನ್ನೇ ನೋಡಬೇಕೆನಿಸಿದರೆ ಹಾಕಿಬಿಡಿ. ಊಟ ಮಾತ್ರ ಮೊದಲೇ ಮುಗಿಸಿಕೊಳ್ಳಿ. ತುಂಬಿದ ಹೊಟ್ಟೆಗೆ ನಿದ್ದೆ ಬಂದರೂ ಚಿಂತೆಯಿಲ್ಲ, ಲಾರಿ ಹೊರಡುವಾಗ ಎಬ್ಬಿಸಿದರಾಯಿತು.